ಎರಡು ಪುಸ್ತಕ, ಒಂದೇ ಕುರ್ಚಿ

ವಳ್ಳಿ ಟೀಚರಿಗೆ ಸಿಂಧುಜಾಳನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ಉರಿಯುತ್ತಿತ್ತು, ಅಷ್ಟೇ. ಸಿಂಧುಜಾ ಬೇರೆ ಯಾರೋ ಆಗಿದ್ದರೆ ಎಲ್ಲಾದರೂ ಹಾಳಾಗಿ ಹೋಗಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಅವಳು ಇದೇ ಕಟ್ಟಬೆಟ್ಟು ಊರಿನ ಹುಡುಗಿ, ವಳ್ಳಿಯ ಮನೆಯ ಸಾಲಿನಲ್ಲೇ ಕೊನೆಯ ಮನೆಯವಳು, ಎಂಟನೇ ಕ್ಲಾಸಿನಲ್ಲಿ ವಳ್ಳಿಯ ಮುಂದೆಯೇ ಮೂಗು ಒರೆಸಿಕೊಳ್ಳುತ್ತಾ ಕೂತು ಚರಿತ್ರೆ ಕಲಿತವಳು. ಈಗ ಅವಳೂ ಚರಿತ್ರೆಯ ಟೀಚರ್. ವಳ್ಳಿ ಕೋಟಗಿರಿಯ ಸರ್ಕಾರಿ ಶಾಲೆಯಲ್ಲಿ ರಾಜ್ಯದ ಪಠ್ಯಪುಸ್ತಕ ಹಿಡಿದು ಪಾಠ ಮಾಡಿದರೆ, ಸಿಂಧುಜಾ ಕೂನೂರಿನ ದೊಡ್ಡ ಶಾಲೆಯೊಂದರಲ್ಲಿ ರಾಷ್ಟ್ರದ ಪುಸ್ತಕ ಹಿಡಿದು ಪಾಠ ಮಾಡುತ್ತಿದ್ದಳು.

ಅದೂ ಸಾಯಲಿ ಎಂದರೆ, ಊರೆಲ್ಲ ಅವಳದೇ ಸುದ್ದಿ. ಸಂಜೆ ಚಹಾ ಎಲೆ ತೂಗುವ ಕಡೆ ಹೆಂಗಸರು ಸೇರಿದರೆ ಸಿಂಧುಜಾ ಹಾಗೆ, ಸಿಂಧುಜಾ ಹೀಗೆ. ಒಂದು ದಿನ ಎಲೆ ತೂಕಕ್ಕೆ ಹಾಕಿ ಮನೆಗೆ ಬಂದ ಗಂಡ ಮಣಿಕಂಡನ್ ಸಾಕ್ಸು ಕಳಚುತ್ತಾ, “ಆ ಹುಡುಗಿ ಏನು ಚಂದ ಹೇಳಿಕೊಡುತ್ತಾಳಂತೆ ಕಣೇ! ಅವಳ ಕ್ಲಾಸಲ್ಲಿ ಮಕ್ಕಳು ಬೆಲ್ ಹೊಡೆದರೂ ಏಳುವುದಿಲ್ಲವಂತೆ,” ಎಂದ. ವಳ್ಳಿ ಅವನ ಮುಂದೆ ಕಾಫಿ ಲೋಟವನ್ನು ಕುಕ್ಕಿದ ರಭಸಕ್ಕೆ ಅರ್ಧ ಕಾಫಿ ಚೆಲ್ಲಿತು.

“ನಾನೇ ಅಲ್ವಾ ಅವಳಿಗೆ ಕಲಿಸಿದ್ದು!”

“ಅದಕ್ಕೇ ಹೇಳಿದ್ದು. ನಿನಗೆ ಖುಷಿಯಾಗಲಿ ಅಂತ.”

ಖುಷಿಯಂತೆ! ಗಂಡಸರಿಗೆ ಎಲ್ಲಿ ಏನು ಹೇಳಬೇಕು ಅನ್ನುವುದು ಯಾವ ಜನ್ಮಕ್ಕೂ ತಿಳಿಯುವುದಿಲ್ಲ.

ಇಷ್ಟರಲ್ಲಿ ಆ ಸುತ್ತೋಲೆ ಬಂತು. ಎಂಟನೇ ಕ್ಲಾಸಿನ ಮಗುವಿಗೆ ದೇಶದ ಚರಿತ್ರೆ ಎಷ್ಟು ಗೊತ್ತಿರಬೇಕು, ಅದನ್ನು ಹೇಗೆ ಕಲಿಸಬೇಕು ಎನ್ನುವುದಕ್ಕೆ ರಾಷ್ಟ್ರದ್ದೊಂದು ಅಳತೆ, ರಾಜ್ಯದ್ದೊಂದು ಅಳತೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಚೆನ್ನೈಯಲ್ಲಿ ಒಂದು ತಂಡ ಕಟ್ಟುತ್ತಿದ್ದರು. ಜಿಲ್ಲೆಗೆ ಒಬ್ಬರೇ ಟೀಚರ್. ನೀಲಗಿರಿಯಿಂದ ಇಬ್ಬರ ಹೆಸರು ಹೋಗಿತ್ತು. ರಾಜ್ಯದ ಕಡೆಯಿಂದ ವಳ್ಳಿ, ರಾಷ್ಟ್ರದ ಕಡೆಯಿಂದ, ಇನ್ಯಾರು, ಸಿಂಧುಜಾ. ಇಬ್ಬರೂ ಊಟಿಗೆ ಬಂದು, ಒಂದೇ ಮಕ್ಕಳ ಗುಂಪಿಗೆ, ಒಂದೇ ಪಾಠವನ್ನು ತಮ್ಮ ತಮ್ಮ ಪುಸ್ತಕದ ಪ್ರಕಾರ ಮಾಡಿ ತೋರಿಸಬೇಕು. ಪಾಠ ಯಾವುದು? ಕಂಪನಿ ಸರ್ಕಾರದ ವಿರುದ್ಧ ಜನ ತಿರುಗಿಬಿದ್ದದ್ದು.

ವಳ್ಳಿಗೆ ತಂಡದ ಆ ಒಂದು ಕುರ್ಚಿ ಬೇಕಿತ್ತು. ಎಷ್ಟು ಬೇಕಿತ್ತು ಅಂದರೆ, ಸುತ್ತೋಲೆ ಓದಿದ ಮೇಲೆ ಊಟ ರುಚಿಸಲಿಲ್ಲ. ಸರ್ವಿಸಿಗೆ ಸೇರಿದಾಗಿನಿಂದ ಮೇಲಿನಿಂದ ಬಂದ ಪುಸ್ತಕ ಬಿಚ್ಚಿದ್ದಾಯಿತು, ಹೇಳಿದ ಪುಟ ಮುಗಿಸಿದ್ದಾಯಿತು, ಪರೀಕ್ಷೆ ಮಾಡಿದ್ದಾಯಿತು. ಮಕ್ಕಳಿಗೆ ಏನು ಕಲಿಸಬೇಕು ಅಂತ ಒಬ್ಬನೇ ಒಬ್ಬ ಪುಣ್ಯಾತ್ಮ ಅವಳನ್ನು ಕೇಳಿರಲಿಲ್ಲ. ಈಗ ಕೇಳುತ್ತಿದ್ದಾರೆ. ಕೇಳುವಾಗ ಪಕ್ಕದಲ್ಲಿ ಆ ಸಿಂಧುಜಾಳನ್ನೇ ತಂದು ನಿಲ್ಲಿಸಬೇಕೇ?

ಸ್ಟಾಫ್ ರೂಮಿನಲ್ಲಿ ಲೆಕ್ಕದ ಟೀಚರ್ ಪ್ರೇಮಲತಾ ಎಲ್ಲವನ್ನೂ ನೋಡುತ್ತಿದ್ದಳು. ಅವಳ ತಾತನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ವ್ಯಾಪಾರಕ್ಕೆ ಬೆಟ್ಟ ಹತ್ತಿದ ಮನೆತನ ಅವರದು. ಮಾತು ಮಾತ್ರ ಇನ್ನೂ ಬೆಟ್ಟ ಹತ್ತಿರಲಿಲ್ಲ.

“ಏನ್ರೀ ವಳ್ಳಿ, ಮುಖ ಯಾಕ್ರೀ ಹಿಂಗೆ ಸುಟ್ಟ ಬದನೆಕಾಯಿ ಆಗಿದೆ? ನಿಮ್ಮ ಶಿಷ್ಯೆ ಅಲ್ವೇನ್ರೀ ಅವ್ಳು?”

“ಶಿಷ್ಯೆ ಆದ್ರೆ ಏನು? ನಾನು ಬಿಟ್ಟುಕೊಡಬೇಕಾ?”

“ಬಿಟ್ಟುಕೊಡಿ ಅಂತ ಯಾರಂದ್ರು ತಾಯಿ? ಹೋಗಿ ಗೆದ್ಕೊಂಡ್ ಬನ್ನಿ. ಆದ್ರೆ ರಾತ್ರಿ ನಿದ್ದೆ ಮಾಡ್ಕೊಂಡ್ ಹೋಗಿ, ಕಣ್ಣು ಗುಳಿ ಬಿದ್ದಿದೆ.”

ವಳ್ಳಿ ನಿದ್ದೆ ಮಾಡಲಿಲ್ಲ. ಎರಡೂ ಪುಸ್ತಕಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಹೋಲಿಸಿದಳು. ರಾಷ್ಟ್ರದ ಪುಸ್ತಕ ಸಾವಿರದ ಎಂಟುನೂರ ಐವತ್ತೇಳನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಿತ್ತು. ಮೀರತ್, ದಿಲ್ಲಿ, ಝಾನ್ಸಿ, ಕಾನಪುರ. ಅದಕ್ಕೂ ಅರ್ಧ ಶತಮಾನ ಮುಂಚೆ ವೆಲ್ಲೂರಿನ ಕೋಟೆಯಲ್ಲಿ ಸಿಪಾಯಿಗಳು ಎದ್ದದ್ದನ್ನು ಭೂತಗನ್ನಡಿ ಹಿಡಿದು ಹುಡುಕಬೇಕು. ರಾಜ್ಯದ ಪುಸ್ತಕ ವೆಲ್ಲೂರನ್ನೂ ಪಾಳೆಯಗಾರರನ್ನೂ ಎದೆಗೆ ಅವಚಿಕೊಂಡು, ಉತ್ತರದ ಕಥೆಯನ್ನು ಬೇಗಬೇಗ ಮುಗಿಸಿ ಕೈ ತೊಳೆದುಕೊಂಡಿತ್ತು. ಎರಡರಲ್ಲೂ ಸುಳ್ಳು ಒಂದೂ ಇರಲಿಲ್ಲ. ಇದ್ದದ್ದೆಲ್ಲ ನಿಜವೇ. ಬಿಟ್ಟದ್ದು ಮಾತ್ರ ಬೇರೆ ಬೇರೆ. ವಳ್ಳಿ ರಾಷ್ಟ್ರದ ಪುಸ್ತಕ ಬಿಟ್ಟದ್ದನ್ನೆಲ್ಲ ಹುಡುಕಿ ಹುಡುಕಿ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಳು. ತನ್ನ ಪುಸ್ತಕದ ಮೇಲೆ ಪೆನ್ಸಿಲು ಓಡಲಿಲ್ಲ.

ಪಾಠ ಮಾಡಿ ತೋರಿಸುವ ದಿನ ಬೆಳಿಗ್ಗೆ ಊಟಿ ಬಸ್ಸಿನಲ್ಲಿ ಸಿಂಧುಜಾ ಓಡಿ ಬಂದು ಪಕ್ಕದಲ್ಲೇ ಕೂತಳು. ತಿಳಿ ಹಸಿರು ಸೀರೆ, ಮೇಲೊಂದು ಸ್ವೆಟರು, ಕೈಯಲ್ಲಿ ಒಂದು ಬಟ್ಟೆಯ ಚೀಲ, ಅಷ್ಟೇ. ಲ್ಯಾಪ್‌ಟಾಪು ಗೀಪ್‌ಟಾಪು ಇರುತ್ತದೆ, ಅದನ್ನಾದರೂ ಬೈಯಬಹುದು ಎಂದುಕೊಂಡಿದ್ದ ವಳ್ಳಿಗೆ ಅದೂ ತಪ್ಪಿತು.

“ಒಳ್ಳೆಂಗೆ ಇದ್ದೀರಾ ಟೀಚರಕ್ಕ? ನನಗೆ ಕೈಕಾಲು ನಡುಗ್ತಾ ಉಂಟು.”

“ನಿನಗೇನಮ್ಮ ನಡುಕ. ಊರೆಲ್ಲ ನಿನ್ನ ಹೆಸರೇ.”

ಕುಟುಕಿದ್ದು ಆ ಹುಡುಗಿಗೆ ತಾಗಲೇ ಇಲ್ಲ. ನಕ್ಕುಬಿಟ್ಟಳು. ಆಮೇಲೆ ದನಿ ತಗ್ಗಿಸಿ, “ಅವ್ವೆ ಕೊಯಮತ್ತೂರಿನ ಗಂಡು ಅಂತ ಪ್ರಾಣ ತೆಗೀತಾ ಇದ್ದಾಳೆ. ನಿನ್ನೆ ರಾತ್ರಿ ಬೇಡ ಅಂದುಬಿಟ್ಟೆ ಟೀಚರಕ್ಕ. ಈ ಕೆಲಸ ಸಿಕ್ಕರೆ ಮುಗಿಯುವ ತನಕ ಮದುವೆ ಮಾತೇ ಇಲ್ಲೆ, ಬೆಟ್ಟ ಬಿಟ್ಟು ಎಲ್ಲಿಗೂ ಹೋಗುವುದೂ ಇಲ್ಲೆ ಅಂದೆ. ಅಪ್ಪ ಆಯ್ತು ಅಂದ. ಅವ್ವೆ ಇನ್ನೂ ಗಂಡು ನೋಡ್ತಾಳೆ, ನೋಡಲಿ. ನೀವು ಯಾರಿಗೂ ಹೇಳಬೇಡಿ,” ಎಂದಳು.

ವಳ್ಳಿ ಹೂಂ ಎಂದಳು. ಮದುವೆಯನ್ನೇ ತಳ್ಳಿ ಬರುವಷ್ಟು ಆಸೆ ಇದೆಯಲ್ಲ ಇವಳಿಗೆ ಎಂದು ಒಳಗೊಳಗೇ ಹಲ್ಲು ಕಡಿದಳು. ಆಸೆಯಲ್ಲೂ ಇವಳೇ ಮುಂದೆ ಇರಬೇಕೇನೋ!

ಊಟಿಯ ಶಾಲೆಯ ಹಾಲ್‌ನಲ್ಲಿ ಚೆನ್ನೈಯಿಂದ ಬಂದ ಮೂವರು ಶಾಲು ಹೊದ್ದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರ ಮುಖ್ಯಸ್ಥರು ಗಿರಿಧರನ್, ಕಾಲೇಜಿನಲ್ಲಿ ಚರಿತ್ರೆ ಹೇಳಿ ನಿವೃತ್ತರಾದವರು. ಮೊದಲು ವಳ್ಳಿಯನ್ನು ಕರೆದರು.

ಸುಮ್ಮನೆ ಹೇಳಬಾರದು, ವಳ್ಳಿ ಚೆನ್ನಾಗಿ ಮಾಡಿದಳು. ಒಬ್ಬ ಹುಡುಗನನ್ನು ಮುಂದೆ ಕರೆದು ತನ್ನ ಮಫ್ಲರನ್ನೇ ಅವನ ತಲೆಗೆ ಪೇಟದಂತೆ ಸುತ್ತಿದಳು. “ನೀನು ವೆಲ್ಲೂರಿನ ಸಿಪಾಯಿ. ಈ ಪೇಟ ತೆಗಿ, ಬೇರೆ ಥರದ್ದು ಹಾಕು ಅಂತ ಸಾಹೇಬ ಹೇಳ್ತಾನೆ. ಹಣೆಯ ಮೇಲಿನ ವಿಭೂತಿ ಒರೆಸು ಅಂತಾನೆ. ಕಿವಿಯ ಒಂಟಿ ಬಿಚ್ಚು ಅಂತಾನೆ. ಏನು ಮಾಡ್ತೀ?” ಎಂದಳು. ಹುಡುಗ ಕಿವಿ ಮುಚ್ಚಿಕೊಂಡು, “ಬಿಚ್ಚೋದಿಲ್ಲ ಮಿಸ್!” ಎಂದು ಅರಚಿದ. ಹಾಲ್ ನಕ್ಕಿತು. ಗಿರಿಧರನ್ ಕೂಡ ನಕ್ಕರು. ಪಾಠ ಮುಗಿಸಿ, ಇಷ್ಟು ದೊಡ್ಡ ಸಂಗತಿಗೆ ರಾಷ್ಟ್ರದ ಪುಸ್ತಕದಲ್ಲಿ ಜಾಗವಿಲ್ಲ ನೋಡಿ ಎಂದು ಒಂದು ಕಲ್ಲನ್ನೂ ಬೀಸಿ ವಳ್ಳಿ ಕೂತಳು. ಕೂತಾಗ ಕುರ್ಚಿ ತನ್ನದೇ ಅನ್ನಿಸಿತು.

ಆಮೇಲೆ ಸಿಂಧುಜಾ ಎದ್ದಳು. ಚೀಲದಿಂದ ಎರಡೂ ಪುಸ್ತಕಗಳ ಪ್ರತಿಗಳನ್ನು ತೆಗೆದು ಬೆಂಚಿಗೆ ಒಂದೊಂದು ಜೊತೆ ಹಂಚಿದಳು.

“ಇದರಲ್ಲಿದ್ದು ಅದರಲ್ಲಿ ಇಲ್ಲದ್ದು ಯಾವುದು? ಅದರಲ್ಲಿದ್ದು ಇದರಲ್ಲಿ ಇಲ್ಲದ್ದು ಯಾವುದು? ಬೆರಳಿಟ್ಟು ತೋರಿಸಿ. ಬೇಗ ಬೇಗ!”

ಅಷ್ಟೇ ಹೇಳಿದ್ದು. ಮಕ್ಕಳು ಪುಸ್ತಕದ ಮೇಲೆ ಮುಗಿಬಿದ್ದರು. ಮಿಸ್, ಇಲ್ಲಿ ವೆಲ್ಲೂರಿಲ್ಲ. ಮಿಸ್, ಇಲ್ಲಿ ಝಾನ್ಸಿ ಇಷ್ಟೇ ಇಷ್ಟು. ಹಾಲ್ ಸಂತೆಯಾಯಿತು. ನಡುವೆ ಒಬ್ಬಳು ಪುಟಾಣಿ ಎದ್ದು ನಿಂತು, “ಮಿಸ್, ಎರಡರಲ್ಲೂ ನಮ್ಮ ಬೆಟ್ಟ ಇಲ್ಲ!” ಎಂದಳು.

“ಹೌದಲ್ವಾ,” ಎಂದಳು ಸಿಂಧುಜಾ. “ಹಾಗಾದರೆ ಆಗ ನಮ್ಮ ಬೆಟ್ಟದಲ್ಲಿ ಯಾರಿದ್ದರು? ಏನು ಮಾಡ್ತಿದ್ದರು? ಯಾರನ್ನು ಕೇಳೋಣ?”

ಹಿಂದಿನ ಬೆಂಚಿನಲ್ಲಿ ಗಿರಿಧರನ್ ಶಾಲು ಜಾರಿದ್ದನ್ನೂ ಗಮನಿಸದೆ ಮುಂದಕ್ಕೆ ಬಾಗಿ ಕೂತಿದ್ದರು. ವಳ್ಳಿ ಅದನ್ನು ನೋಡಿದಳು. ಅಯ್ಯೋ, ಅವಳಿಗೆ ಎಂಥ ಸಂಕಟವಾಯಿತು ಅಂತೀರಿ! ರಾತ್ರಿಯಿಡೀ ಅದೇ ಎರಡು ಪುಸ್ತಕಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಕೂತವಳು ತಾನು. ಇಷ್ಟು ಸುಲಭದ್ದು ತನಗೇಕೆ ಹೊಳೆಯಲಿಲ್ಲ? ಆ ಹುಡುಗಿ ಹೆಚ್ಚು ಓದಿದ್ದಕ್ಕಲ್ಲ, ಚೆಂದವಾಗಿದ್ದಾಳೆ ಅಂತಲೂ ಅಲ್ಲ, ಆ ಒಂದು ಪ್ರಶ್ನೆ ಅವಳ ಬಾಯಲ್ಲಿ ಬಂತಲ್ಲ ಎಂದು ವಳ್ಳಿಗೆ ಮೈಯೆಲ್ಲ ಉರಿಯಿತು. ಮಕ್ಕಳು ಬೆಲ್ ಹೊಡೆದರೂ ಏಳಲಿಲ್ಲ.

ಪಾಠವಾದ ಮೇಲೆ ಸಿಂಧುಜಾ ಮಕ್ಕಳಿಂದ ಬಿಡಿಸಿಕೊಳ್ಳಲಾರದೆ ಹಾಲ್‌ನಲ್ಲೇ ಉಳಿದಳು. ಗಿರಿಧರನ್ ವಳ್ಳಿಯನ್ನು ಪಕ್ಕದ ಕೋಣೆಗೆ ಚಹಾಕ್ಕೆ ಕರೆದರು.

“ಅಮ್ಮಾ, ಮುಚ್ಚಿಟ್ಟು ಮಾತಾಡೋದು ನನಗೆ ಬರೋದಿಲ್ಲ. ನಿಮ್ಮ ಪಾಠ ಗಟ್ಟಿ. ಆ ಹುಡುಗಿಯದು ಹೊಸದು. ನಮ್ಮ ಮನಸ್ಸು ಅವಳ ಕಡೆ ಇದೆ. ಆದರೆ ಇದು ಎರಡು ವರ್ಷದ ಕೆಲಸ. ತಿಂಗಳು ತಿಂಗಳು ಚೆನ್ನೈಗೆ ಬರಬೇಕು, ನಡುವೆ ಕೈಬಿಟ್ಟರೆ ಎಲ್ಲ ನೀರುಪಾಲು. ಅವಳು ನಿಮ್ಮ ಊರಿನವಳು, ನಿಮ್ಮ ಹತ್ತಿರವೇ ಕಲಿತವಳಂತೆ. ನೀವು ಹೇಳಿ, ನಿಲ್ಲುತ್ತಾಳಾ?”

ವಳ್ಳಿ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಿಲ್ಲುತ್ತಾಳೆ. ಅಷ್ಟೇ ಹೇಳಬೇಕಾಗಿತ್ತು. ಬೆಳಿಗ್ಗೆ ಅವಳ ಬಾಯಿಂದಲೇ ಕೇಳಿದ್ದು.

“ಒಳ್ಳೆಯ ಹುಡುಗಿ ಸಾರ್,” ಎಂದಳು. “ಜಾಣೆ. ಸಣ್ಣವಳಿದ್ದಾಗಿಂದ ಹಾಗೇ.”

“ಹೂಂ.”

“ಮನೆಯಲ್ಲಿ ಗಂಡು ನೋಡ್ತಾ ಇದ್ದಾರೆ. ಕೊಯಮತ್ತೂರು ಕಡೆಯ ಸಂಬಂಧ. ಅವಳ ಅಮ್ಮ ತುಂಬಾ ಆತುರದಲ್ಲಿ ಇದ್ದಾರೆ.”

ಗಿರಿಧರನ್ ಜೊತೆಯವರ ಮುಖ ನೋಡಿದರು. ಅವರಲ್ಲೊಬ್ಬರು ಹಾಗಾದರೆ ಕಷ್ಟ ಎಂಬಂತೆ ತಲೆಯಾಡಿಸಿದರು. ಬೇಕಿದ್ದರೆ ವಳ್ಳಿ ಆಗಲೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಚಹಾ ಕುಡಿದಳು. ತಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆ ಮಾತನ್ನು ಯಾರು ಪರೀಕ್ಷೆ ಮಾಡಿದರೂ ಪೂರ್ತಿ ಮಾರ್ಕು ಕೊಡಬೇಕಿತ್ತು.

ಮಧ್ಯಾಹ್ನ ಹೆಸರು ಓದಿದರು. ವಳ್ಳಿ. ಚಪ್ಪಾಳೆಯಾಯಿತು. ಪ್ರೇಮಲತಾ ಫೋನಿನಲ್ಲಿ, “ನಾ ಹೇಳ್ಲಿಲ್ವೇನ್ರೀ!” ಎಂದು ಕಿರುಚಿದಳು. ಮಣಿಕಂಡನ್ ಒಂದು ಕಿಲೋ ಮೈಸೂರುಪಾಕು ತಂದೇ ತರುತ್ತೇನೆ ಎಂದ. ವಳ್ಳಿ ಎಲ್ಲರಿಗೂ ನಕ್ಕಳು. ಕಣ್ಣು ಮಾತ್ರ ಹಾಲ್‌ನ ಮೂಲೆಮೂಲೆಯನ್ನೂ ಹುಡುಕುತ್ತಿತ್ತು. ಸಿಂಧುಜಾ ಕಾಣಲಿಲ್ಲ.

ಅವಳು ಸಿಕ್ಕಿದ್ದು ಬಸ್ ಸ್ಟಾಂಡಿನಲ್ಲಿ. ಕಣ್ಣು, ಮೂಗು ಎರಡೂ ಕೆಂಪಾಗಿದ್ದವು.

“ಸುಳ್ಳು ಯಾಕೆ ಹೇಳಲಿ ಟೀಚರಕ್ಕ, ತುಂಬಾ ಬೇಜಾರಾಯ್ತು. ಅಲ್ಲೇ ಇದ್ದರೆ ನಿಮ್ಮ ಮುಂದೆ ಅತ್ತುಬಿಡ್ತೀನಿ ಅಂತ ಬಂದುಬಿಟ್ಟೆ. ಇಲ್ಲಿ ಬಂದು ಚೆನ್ನಾಗಿ ಅತ್ತೆ. ಈಗ ಸರಿಯಾಯ್ತು.” ಮೂಗು ಒರೆಸಿಕೊಂಡಳು. “ನೀವು ಹೋಗುವುದೂ ನನಗೆ ಖುಷಿಯೇ. ನಮ್ಮ ಬೆಟ್ಟ ಎಲ್ಲಿ ಅಂತ ಅಲ್ಲಿ ಕೇಳಿ, ಆಯ್ತಾ? ಹರಸಿ.”

ಹಾಗೆಂದವಳೇ ತಲೆ ಬಗ್ಗಿಸಿ ನಿಂತುಬಿಟ್ಟಳು. ಬೆಟ್ಟದ ಇವರ ಬಡಗ ಜನರಲ್ಲಿ ಚಿಕ್ಕವರು ತಲೆ ಬಗ್ಗಿಸಿದರೆ ದೊಡ್ಡವರು ಕೈಯಿಟ್ಟು ಹರಸಲೇಬೇಕು. ರಸ್ತೆಯಾಗಲಿ, ಬಸ್ ಸ್ಟಾಂಡಾಗಲಿ, ಮನಸ್ಸಿನಲ್ಲಿ ಏನೇ ಇರಲಿ, ಇಲ್ಲ ಅನ್ನುವಂತಿಲ್ಲ. ಕೋಟಗಿರಿ ಕಡೆಯ ನಾಲ್ಕು ಜನ ಮುದುಕಿಯರು ಕ್ಯಾರೆಟ್ ಗಂಟು ಕೆಳಗಿಟ್ಟು ನೋಡುತ್ತಾ ನಿಂತರು.

ವಳ್ಳಿ ಕೈಯಿಟ್ಟಳು. ಕೂದಲು ಮಂಜಿಗೆ ತೇವವಾಗಿತ್ತು. “ಒಳ್ಳೆಂಗೆ ಇರು,” ಎಂದಳು. “ನೂರು ಕಾಲ ಬಾಳು. ಹಿಡಿದ ಕೆಲಸ ಕೈಗೂಡಲಿ. ನಿನ್ನ ಮಾತು ಎಲ್ಲರೂ ಕೇಳುವಂತಾಗಲಿ.” ಒಂದರ ಹಿಂದೆ ಒಂದು ಹಾರೈಕೆ ಹೇಳುತ್ತಲೇ ಹೋದಳು, ತನ್ನ ಸ್ವಂತ ಮಗಳಿಗೂ ಅಷ್ಟು ಹೇಳಿರಲಿಲ್ಲ. ನಿಲ್ಲಿಸಿದರೆ ಬೇರೇನೋ ಬಾಯಿಂದ ಬಂದುಬಿಡುತ್ತದೆ ಎಂದು ಭಯವಾಗಿತ್ತು. ಮುದುಕಿಯರಲ್ಲೊಬ್ಬಳು, “ಎಂಥಾ ಗುರು!” ಎಂದು ಕಣ್ಣೊರೆಸಿಕೊಂಡಳು.

ಬಸ್ಸಿನಲ್ಲಿ ಸಿಂಧುಜಾ ಕಿಟಕಿಯ ಕಡೆ ಕೂತಳು. ಊಟಿ ದಾಟುವುದರೊಳಗೆ ಅವಳ ತಲೆ ವಳ್ಳಿಯ ಭುಜಕ್ಕೆ ವಾಲಿತು. ಬಾಯಿ ಸ್ವಲ್ಪ ತೆರೆದು, ಎಳೆ ಮಗುವಿನ ಹಾಗೆ ಗಾಢವಾಗಿ ನಿದ್ದೆ ಹೋದಳು. ವಳ್ಳಿ ನೆಟ್ಟಗೆ ಕೂತೇ ಇದ್ದಳು. ಎಷ್ಟು ದಿನವಾಯಿತು ತಾನು ಹೀಗೆ ನಿದ್ದೆ ಮಾಡಿ? ಇನ್ನು ಹಾಗೆ ಮಲಗಲು ಎಷ್ಟು ದಿನ ಬೇಕು? ಕುರ್ಚಿ ಕಳೆದುಕೊಂಡವಳು ಗೊರಕೆ ಹೊಡೆಯುತ್ತಿದ್ದಾಳೆ. ಆ ಮುಖವನ್ನು ವಳ್ಳಿ ದಾರಿಯುದ್ದಕ್ಕೂ ನೋಡಿದಳು, ನೋಡಿದಷ್ಟೂ ಅವಳಿಗೆ ಅಸೂಯೆಯಾಯಿತು.