ಬೈರಮ್ಮನ ಹಸು

ಮಕ್ಕಳಿಗೆ ಬರೆಯುವುದನ್ನು ಕಲಿಸುವುದರಲ್ಲಿ ಮೈಸೂರು ಸೀಮೆಯಲ್ಲೇ ನನ್ನನ್ನು ಮೀರಿಸಿದವರಿರಲಿಲ್ಲ. ನನ್ನ ಪಾಠ ಕೇಳಿ ಕೇಳಿ ಜಗಲಿಯ ಕಲ್ಲುಗಳಿಗೂ ಒತ್ತಕ್ಷರ ಬರುತ್ತಿತ್ತು. ಜಯನಗರಕ್ಕೆ ಆಗಷ್ಟೇ ರಸ್ತೆ ಗೀಚುತ್ತಿದ್ದ ಕಾಲ. ಕೋಣನಕುಂಟೆಯಿಂದ ಗೊಟ್ಟಿಗೆರೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಗುಡಿಯ ಜಗಲಿಯೇ ನನ್ನ ಶಾಲೆ. ಇದ್ದದ್ದು ಮೂರನೇ ಕ್ಲಾಸಿನವರೆಗೆ, ಮೇಷ್ಟ್ರು ನಾನೊಬ್ಬನೇ.

ಬೇರೆ ಶಾಲೆಗಳಲ್ಲಿ ಪ್ರಬಂಧವೆಂದರೆ ಉರು ಹೊಡೆಯುವುದು. ಹಸು ಸಾಧು ಪ್ರಾಣಿ, ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು. ತಾಲ್ಲೂಕಿನ ಮಕ್ಕಳೆಲ್ಲ ಸೇರಿ ಒಂದೇ ಹಸುವನ್ನು ಮೇಯಿಸುತ್ತಿದ್ದರು. ನನ್ನಲ್ಲಿ ಅದು ನಡೆಯುತ್ತಿರಲಿಲ್ಲ. “ಏನ್ ಬರೀಲಿ ಮೇಷ್ಟ್ರೇ?” ಎಂದು ಕೇಳಿದರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. “ನೀನ್ ಕಂಡಿದ್ದು ನಂಗೇನ್ ಗೊತ್ತು? ಮೊದ್ಲು ಬಾಯಲ್ಲಿ ಹೇಳು. ಹೇಳಿದ್ನೇ ಬರಿ.” ಮೊದಮೊದಲು ಮಕ್ಕಳು ಅಳುತ್ತಿದ್ದವು. ಆರು ತಿಂಗಳಲ್ಲಿ ಸ್ಲೇಟು ಸಾಲದೆ ಗುಡಿಯ ಗೋಡೆಗೆ ಕೈ ಹಾಕಿದವು.

ಎಲ್ಲರಿಗಿಂತ ಮುಂದೆ ಬೋರಣ್ಣನ ಮಗಳು ಬೈರಮ್ಮ. ಆದರೆ ಅವಳಪ್ಪ ಮೊದಲೇ ಹೇಳಿಬಿಟ್ಟಿದ್ದ: “ಇಲ್ಲೇ ನಾಕ್ನೇ ಕ್ಲಾಸ್ ಬಂದ್ರೆ ಓದ್ಲಿ ಮೇಷ್ಟ್ರೇ. ಹೆಣ್ಮಗೂನ ಊರಾಚೆ ಕಳ್ಸಾಕಿಲ್ಲ. ಮನೇಲಿ ಊದುಬತ್ತಿ ಹೊಸೀಲಿ.”

ಮಕ್ಕಳನ್ನು ಪರೀಕ್ಷಿಸಿ ನಾಲ್ಕನೇ ಕ್ಲಾಸು ಕೊಡುವುದು ಸ್ಕೂಲ್ ಇನ್‌ಸ್ಪೆಕ್ಟರ್ ಬದರಿನಾಥರ ಕೈಯಲ್ಲಿತ್ತು. ಅವರು ಸೈಕಲ್ಲಿನಲ್ಲಿ ಬಂದರು. ಹಸುವಿನ ಮೇಲೆ ಬರೆಯಲು ಹೇಳಿ, ಮೊದಲು ಬೈರಮ್ಮನ ಸ್ಲೇಟು ತೆಗೆದುಕೊಂಡು ಗಟ್ಟಿಯಾಗಿ ಓದಿದರು.

“ನಮ್ಮ ಹಸು ಕೆಂಪಿ. ಕರು ಹೊಟ್ಟೆಯಲ್ಲಿ ತಿರುಗಲಿಲ್ಲ. ಅವ್ವ ಕೊಂಬು ಹಿಡಿದುಕೊಂಡಳು. ಅಪ್ಪ ಕೈ ಹಾಕಿ ಎಳೆದ. ಕೆಂಪಿ ನನ್ನನ್ನೇ ನೋಡುತ್ತಿತ್ತು. ಆಮೇಲೆ ನೋಡಲಿಲ್ಲ.”

ನನ್ನ ಎದೆ ಬನ್ನೇರುಘಟ್ಟದ ಬೆಟ್ಟದಷ್ಟು ಉಬ್ಬಿತ್ತು.

“ನಾಲ್ಕು ಕಾಲು ಎಲ್ಲಮ್ಮಾ?” ಎಂದರು ಬದರಿನಾಥರು.

“ಇದ್ವು ಸಾರ್. ಚಾಚ್ಕೊಂಡಿದ್ವು.”

ಅವರು ನನ್ನ ಕಡೆ ತಿರುಗಿದರು. “ಏನ್ರೀ ಮೇಷ್ಟ್ರೇ, ಸಾಧು ಪ್ರಾಣಿ ಅಂತಿಲ್ಲ, ಹಾಲಿಲ್ಲ, ಸಗಣಿ ಇಲ್ಲ. ನಾನ್ ಯಾವುದಕ್ಕೆ ಮಾರ್ಕ್ಸ್ ಕೊಡ್ಲಿ? ನನ್ ಮೇಲೂ ಕೇಳೋರಿದಾರೆ.” ಮಿಕ್ಕ ಸ್ಲೇಟುಗಳನ್ನೂ ನೋಡಿದರು. ಒಂದೊಂದರಲ್ಲೂ ಒಂದೊಂದು ಹಸು, ಒಂದಕ್ಕೂ ಕಾಲಿನ ಲೆಕ್ಕವಿಲ್ಲ. ಮನುಷ್ಯ ಕೆಟ್ಟವರಲ್ಲ. ಬೈರಮ್ಮನ ಸ್ಲೇಟು ವಾಪಸು ಕೊಟ್ಟು, “ಅಳಿಸಿ ಸರಿಯಾಗ್ ಬರಿಯಮ್ಮ. ಇನ್ನೊಂದ್ಸಲ ನೋಡ್ತೀನಿ,” ಎಂದರು.

ನನ್ನ ಪಿಸುಮಾತು ಮೂರು ಊರಿಗೆ ಕೇಳಿಸುವಂಥದ್ದು. “ಹಸು ಸಾಧು ಪ್ರಾಣಿ ಅಂತ ಬರಿ ಮಗಾ. ನಾಲ್ಕು ಕಾಲು ಅಂತ ಬರಿ.”

ಅವಳು ಬಳಪವನ್ನು ಕೆಳಗಿಟ್ಟಳು. “ಅದು ನಮ್ ಹಸು ಅಲ್ಲ ಮೇಷ್ಟ್ರೇ.”

ಬದರಿನಾಥರು ಪೆನ್ನಿನ ಮುಚ್ಚಳ ತೆಗೆದು ಏನೋ ಬರೆದರು. ಆ ವರ್ಷ ನಾಲ್ಕನೇ ಕ್ಲಾಸು ಬರಲಿಲ್ಲ.

ಜೂನ್ ತಿಂಗಳಲ್ಲಿ, ಹತ್ತು ಮಂದಿ ವಕೀಲರಿಗಾಗುವಷ್ಟು ಮಾತು ಕಟ್ಟಿಕೊಂಡು ಬೋರಣ್ಣನ ಮನೆಗೆ ಹೋದೆ. ಅವನು ಹೊಲಕ್ಕೆ ಹೋಗಿದ್ದ. ಬೈರಮ್ಮ ಬಾಗಿಲಲ್ಲಿ ಮಣೆಯ ಮುಂದೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಮೊಣಕೈವರೆಗೂ ಇದ್ದಿಲ ಹಿಟ್ಟಿನ ಕಪ್ಪು.

“ದಿನಾ ಒಂದೆರಡು ಸಾಲು ಬರೀತಾ ಇರು,” ಎಂದೆ.

“ಯಾರ್ ನೋಡ್ತಾರೆ?”

“ನಾನ್ ನೋಡ್ತೀನಿ. ಸಂಜೆ ಬರ್ತೀನಿ.”

“ಸಂಜೆಗೆ ಬತ್ತಿ ಕಟ್ಟು ಒಯ್ಯೋರು ಬತ್ತಾರೆ ಮೇಷ್ಟ್ರೇ. ಕೈ ತೊಳ್ಕೊಂಡ್ ಕೂತ್ರೆ ಆಗಾಕಿಲ್ಲ.” ಕಡ್ಡಿ ಉರುಳುತ್ತಲೇ ಇತ್ತು. ಅವಳು ಮಣೆಯಿಂದ ಕಣ್ಣು ತೆಗೆಯಲಿಲ್ಲ.

“ಮೇಷ್ಟ್ರಿಗೆ ನೀರ್ ಕೊಡೇ,” ಎಂದು ಒಳಗಿನಿಂದ ಅವಳವ್ವ ಕೂಗಿದಳು.

“ಗಡಿಗೆ ಅಲ್ಲೈತೆ. ನೀವೇ ಬಗ್ಗಿಸ್ಕೊಳ್ಳಿ ಮೇಷ್ಟ್ರೇ.”

ಬಗ್ಗಿಸಿಕೊಂಡು ಕುಡಿದೆ.