ಎಡಕ್ಕೆ ವಾಲಿದ ಗೀರುಗಳು

ಹೋದವರು ಹೋದರು, ಇದ್ದವರು ಇರಬೇಕು ಎಂದು ನಂಬಿದ್ದವನೇ ತಮ್ಮ. ಆದರೆ ಅಂದು ಊಟ ಮುಗಿಸಿ ಕಾರು ನಿಲ್ಲಿಸುವ ಕೋಣೆಗೆ ಮರಳಿದಾಗ, ತಾನು ಬಲಕ್ಕೆ ವಾಲಿಸಿ ಉಜ್ಜಿಟ್ಟಿದ್ದ ಚಕ್ರದ ಮೇಲೆ ಎಡಕ್ಕೆ ವಾಲಿದ ಗೀರುಗಳು ಮೂಡಿದ್ದವು. ಚಕ್ರ ಇನ್ನೂ ಒದ್ದೆಯಾಗಿತ್ತು.

ಆ ಮನೆಯಲ್ಲಿ ಎಡಚನೆಂದರೆ ಅಣ್ಣ ಒಬ್ಬನೇ. ಅವನು ಎದೆನೋವೆಂದು ಮಲಗಿದವನು ಏಳದೆ ಹೋಗಿ ವರ್ಷ ತುಂಬುತ್ತ ಬಂದಿತ್ತು.

ಅವನ ಹಳೆಯ ಕಾರಿನ ಅಲ್ಯೂಮಿನಿಯಂ ಚಕ್ರಗಳಲ್ಲಿ ಮೂರನ್ನು ಅಣ್ಣತಮ್ಮಂದಿರು ಸೇರಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದರು. ಉಪ್ಪುಕಾಗದ ಹಿಡಿದು ತಮ್ಮ ಮುಂದೆ, ಅಣ್ಣ ಹಿಂದೆ. ಹಾಡು ಹೇಳುವವನ ಹಿಂದೆ ದನಿಗೂಡಿಸುವವನ ಹಾಗೆ. ನಾಲ್ಕನೆಯದು ಬಿಚ್ಚಿದ್ದು ಬಿಚ್ಚಿದ ಹಾಗೇ ಗೋಣಿಯ ಮೇಲೆ ಉಳಿಯಿತು. ಕಾರು ಒಂದು ಕಾಲು ಎತ್ತಿ ಜ್ಯಾಕಿನ ಮೇಲೆ ನಿಂತಿತು.

ಈಗ ಅತ್ತಿಗೆಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿದೆ. ಹೋಗುವುದಾದರೆ ಅದೇ ಕಾರಿನಲ್ಲಿ, ಗಂಡ ಹಿಡಿದ ಕೆಲಸ ಪೂರ್ತಿಯಾದ ಮೇಲೆಯೇ ಎಂದಿದ್ದಳು. ಅದಕ್ಕೇ ತಮ್ಮ ಕೈಗವಸು ತೊಟ್ಟು ಕೂತಿದ್ದ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ," ಎಂದು ಅತ್ತಿಗೆ ಬೆಳಗ್ಗೆಯಷ್ಟೇ ಅಣಕಿಸಿದ್ದಳು. "ನೀನು ಕೈಗೆ ಮಸೀನೇ ಹತ್ತಬಾರದು ಅಂತೀಯಲ್ಲ, ರಾಜಕುಮಾರ."

ಗೀರು ಕಂಡ ದಿನ ಅವನು ಯಾರಿಗೂ ಹೇಳಲಿಲ್ಲ. ಅದೇ ಒರಟು ಉಪ್ಪುಕಾಗದದಲ್ಲಿ ಮತ್ತೆ ಉಜ್ಜಿ ಅಳಿಸಿದ. ಮರುದಿನ ಬಾಗಿಲಿಗೆ ಚಿಲಕ ಹಾಕಿ ಊಟಕ್ಕೆ ಹೋದ. ಬಂದು ನೋಡಿದರೆ ಮತ್ತೆ ಎಡಕ್ಕೆ. ಬಾಗಿಲೆದುರಿನ ಕುರ್ಚಿಯಲ್ಲಿ ಅಮ್ಮ ಕೂತೇ ಇದ್ದಳು. ಒಂದು ನರಪಿಳ್ಳೆಯೂ ಒಳಗೆ ಹೋಗಿಲ್ಲವೆಂದಳು. ಅವನ ಮುಖ ಬಿಳಿಚಿದ್ದು ಕಂಡು ತಾನೇ ಎದ್ದು ಬಂದು ಇಣುಕಿದಳು. ಹೆತ್ತವಳಿಗೆ ಮಗನ ಕೈಬರಹ ಗುರುತಾಗದೆ ಇದ್ದೀತೆ?

"ಬೇಡ ಅಂತ ಗೀಟು ಹೊಡೆದು ಹಾಕ್ತಿದ್ದಾನೆ ಕಣೋ," ಎಂದಳು. "ಅವಳು ಈ ಮನೆ ಬಿಡೋದು ಅವನಿಗೆ ಇಷ್ಟ ಇಲ್ಲ."

ಮಾತು ಅಡಿಗೆಮನೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಅತ್ತಿಗೆ ಅಳಲಿಲ್ಲ, ವಾದಿಸಲೂ ಇಲ್ಲ. ನಾಳೆಯೊಳಗೆ ಬರುತ್ತೇನೋ ಇಲ್ಲವೋ ಎಂದು ಕೆಲಸ ಕೊಟ್ಟವರಿಗೆ ತಿಳಿಸಬೇಕೆಂದಳು. ಗಂಡನಿಗೇ ಬೇಡವಾದರೆ ತಾನು ಹೋಗುವುದಿಲ್ಲವೆಂದಳು. ಅರ್ಧ ತುಂಬಿದ ಪೆಟ್ಟಿಗೆಯಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿಡತೊಡಗಿದಳು. ಅಮ್ಮ ಅದನ್ನು ನೋಡುತ್ತ ಕೂತಳು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಮನೆಯಲ್ಲಿ ಒಂದು ಹೆಜ್ಜೆಯ ಸದ್ದು ಕಡಿಮೆಯಾಗುವುದಿಲ್ಲವಲ್ಲ ಎಂಬ ಸಮಾಧಾನ ಮಾತ್ರ.

ತಮ್ಮ ಮತ್ತೆ ಚಕ್ರದ ಮುಂದೆ ಕೂತ. ಉಜ್ಜಲು ಮನಸ್ಸಿಲ್ಲ, ಏಳಲು ಧೈರ್ಯವಿಲ್ಲ. ಗವಿಯಿಂದ ಬಂದಂಥ ತಣ್ಣನೆ ಗಾಳಿ ಅವನ ಎಡಭುಜದ ಬಳಿ ಮಾತ್ರ ನಿಂತಿತ್ತು. ಅಣ್ಣ ಕೂರುತ್ತಿದ್ದ ಮಗ್ಗುಲು ಅದು. ದೇವರೇ, ಹೇಳುವುದಿದ್ದರೆ ತಿಳಿಯುವ ಹಾಗೆ ಹೇಳಿಸು ಎಂದು ಬೇಡಿಕೊಂಡ. ಆಗ ಅಣ್ಣ ಗದರುತ್ತಿದ್ದ ಮಾತು ನೆನಪಾಯಿತು: ಕಣ್ಣು ಸುಳ್ಳು ಹೇಳುತ್ತೆ, ಬೆರಳನ್ನು ಕೇಳು.

ಈ ಎರಡು ದಿನ ಅವನು ಆ ಗೀರುಗಳನ್ನು ಕಂಡಿದ್ದ, ಹೆದರಿದ್ದ, ಅಳಿಸಿದ್ದ. ಮುಟ್ಟಿರಲಿಲ್ಲ. ಕೈಗವಸು ಕಳಚಿ, ಕಣ್ಣು ಮುಚ್ಚಿ, ಬೆರಳಿಟ್ಟ.

ನಯವಾಗಿತ್ತು. ತನ್ನ ಗೀರಿಗಿಂತ ಎಷ್ಟೋ ನಯ.

ಒರಟು ಕಾಗದ ಎಳೆದ ಗೀರನ್ನು ಅದಕ್ಕಿಂತ ನಯವಾದ ಕಾಗದ ಅಡ್ಡಲಾಗಿ ಉಜ್ಜಿಯೇ ಅಳಿಸಬೇಕು. ಹೊಳಪು ಬರುವುದು ಹಾಗೆ. ಅಣ್ಣ ಮೂರು ಚಕ್ರಕ್ಕೂ ಮಾಡಿದ್ದು ಅದನ್ನೇ. ಇದು ಹೊಡೆದು ಹಾಕಿದ್ದಲ್ಲ, ಮುಂದಿನ ಹೆಜ್ಜೆ. ಅಣ್ಣ ಎರಡು ಸಲವೂ ಕೆಲಸವನ್ನು ಒಂದು ಮೆಟ್ಟಿಲು ಹತ್ತಿಸಿದ್ದ. ತಾನು ಒರಟು ಕಾಗದ ಹಿಡಿದು ಅದನ್ನು ಮತ್ತೆ ಕೆಳಗೆಳೆದಿದ್ದ.

ಅತ್ತಿಗೆಯನ್ನು ಕರೆದ. ಅಮ್ಮನೂ ಹಿಂದೆಯೇ ಬಂದಳು. ಇಬ್ಬರಿಗೂ ಬೆರಳಿಟ್ಟು ನೋಡಲು ಹೇಳಿ, ಕೆಲಸದ ಕ್ರಮ ವಿವರಿಸಿದ. ಅತ್ತಿಗೆ ಕಣ್ಣು ಮುಚ್ಚಿ ಮುಟ್ಟಿ, ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಬೇಡ ಅಂತಲ್ಲ ಅತ್ತಿಗೆ," ಎಂದ ತಮ್ಮ. "ಬೇಗ ಮುಗಿಸು ಅಂತಿದ್ದಾನೆ."

ಅಮ್ಮ ಚಕ್ರದ ಅಂಚಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು.

ತಮ್ಮ ತನ್ನ ಪಾಲಿನ ಕಾಗದ ಉಜ್ಜಿದ, ಬಲಕ್ಕೆ, ಈ ಸಲ ಅಣ್ಣನ ಗೀರಿಗಿಂತಲೂ ನಯವಾದದ್ದು. ಆಮೇಲೆ ಎಲ್ಲಕ್ಕಿಂತ ನಯವಾದುದನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ ಚಕ್ರದ ಎಡಗಡೆ ಇಟ್ಟ. ಮೂವರೂ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಇಳಿಹಗಲ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಗೋಡೆಯಾಚೆ ಮೊದಲು ಬಕೆಟ್ಟಿನ ನೀರು ಕದಲಿತು. ಬಳಿಕ ಶುರುವಾಯಿತು ಸದ್ದು: ಸರ್, ಸರ್, ಸರ್. ತಾಳ ತಪ್ಪದ, ಅವಸರವಿಲ್ಲದ ಉಜ್ಜು. ನಡುವೆ ಒಮ್ಮೆ ನಿಂತಿತು, ಉಸಿರು ತೆಗೆದುಕೊಳ್ಳುವಷ್ಟು ಹೊತ್ತು. ಉಸಿರಿಲ್ಲದವನಿಗೆ ದಣಿವೇಕೆ ಎಂದು ತಮ್ಮ ಯೋಚಿಸಿದ, ಯೋಚಿಸಿದ್ದಕ್ಕೇ ಹೆದರಿದ. ಯಾರೂ ಏಳಲಿಲ್ಲ, ಇಣುಕಲಿಲ್ಲ. ಅತ್ತಿಗೆಯ ತುಟಿ ಮಾತ್ರ ಆ ತಾಳಕ್ಕೆ ಸರಿಯಾಗಿ ಏನನ್ನೋ ಹೇಳಿಕೊಳ್ಳುತ್ತಿತ್ತು.

ಸದ್ದು ನಿಂತಿತು. ಈ ಸಲ ಮತ್ತೆ ಶುರುವಾಗಲಿಲ್ಲ.

ಬಹಳ ಹೊತ್ತಾದ ಮೇಲೆ ಅಮ್ಮನೇ ಮೊದಲು ಎದ್ದಳು. ಬಾಗಿಲ ಕಡೆ ತಿರುಗಿಯೂ ನೋಡದೆ ಕಪಾಟಿನ ಬಳಿ ಹೋಗಿ, ಸೊಸೆಯ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ತುಂಬತೊಡಗಿದಳು.

"ಅವನ ಕೆಲಸ ಮುಗೀತು," ಎಂದಳು ಮಗನಿಗೆ. "ನೀನು ಹೋಗಿ ಚಕ್ರ ಹಾಕು."