ಸೀದ ಮೂಲೆ

ಲಿಫ್ಟ್ ರಿಪೇರಿ ಮಾಡುತ್ತಲೇ ತಲೆ ನರೆತ ಮೆಕ್ಯಾನಿಕ್‌ಗೆ ಆವತ್ತು ಒಂದು ಬೋಗುಣಿ ಮೈದಾಹಿಟ್ಟು ನೀರು ಕುಡಿಸಿಬಿಟ್ಟಿತು. ಹೆಂಡತಿ ಬಚ್ಚಲಲ್ಲಿ ಜಾರಿಬಿದ್ದು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ರಾತ್ರಿ ಊಟಕ್ಕೆ ಮಗಳು ಮತ್ತು ಮೊಮ್ಮಗಳು ಪುಟ್ಟಿ ಬರುವವರಿದ್ದರು. ನಾಲ್ಕು ಬೀದಿ ಆಚೆ ಇದ್ದರೂ ಮಗಳು ಬರುವುದು ಅಪರೂಪ. ಬಂದರೂ ಚಹಾ ಕುಡಿದು, ಕೆಲಸವಿದೆ ಎಂದು ಎದ್ದುಬಿಡುವಳು. ತಾಯಿಯ ಕೈ ಮುರಿದದ್ದಕ್ಕೆ ಈ ಸಲ ಊಟಕ್ಕೆ ಒಪ್ಪಿದ್ದಳು. ಈ ಒಂದು ಊಟ ಸರಿಹೋದರೆ ಮುಂದೆಯೂ ಬಂದಾಳು ಎಂಬ ಆಸೆಯಿಂದ ಅವನು ತಾನೇ ತೋಳೇರಿಸಿ ನಿಂತಿದ್ದ.

ಯೀಸ್ಟ್ ಬೆರೆಸಿದ ಹಿಟ್ಟು ಬೆರಳಿಗೆ, ವಾಚಿಗೆ, ಕೊನೆಗೆ ಕನ್ನಡಕಕ್ಕೂ ಮೆತ್ತಿಕೊಂಡಿತು. ನಟ್ಟು ಬಿಗಿ ಮಾಡಿದ ಹಾಗೆ ತಿರುಚಬೇಡಿ, ಅಂಗೈಯಲ್ಲಿ ಒತ್ತಿ ಎಂದು ಹೆಂಡತಿ ಕೂತಲ್ಲಿಂದಲೇ ಹೇಳಿಕೊಡುತ್ತಿದ್ದಳು. ಒದ್ದೆ ಬಟ್ಟೆಯ ಕೆಳಗೆ ಹಿಟ್ಟು ಉಬ್ಬಿದ್ದು ಕಂಡಾಗ ಅವನ ಮುಖ ನೋಡಬೇಕಿತ್ತು. ಬ್ರೆಡ್ ಬೆಂದು ಓವನ್ನಿನಿಂದ ಹೊರಬಂದ ಮೇಲೆ ಪಾಸ್ತಾದ ಟ್ರೇ ಒಳಗೆ ಹೋಯಿತು. ಪುಟ್ಟಿ ಈರುಳ್ಳಿ ಆರಿಸಿ ಬದಿಗಿಡುತ್ತಾಳೆಂದು ಸಾಸಿಗೆ ಅದನ್ನು ರುಬ್ಬಿ ಹಾಕಿದ್ದ. ಮೇಲಿಂದ ಕೈತುಂಬ ಚೀಸ್ ಹರಡಿದ್ದ.

ಚೀಸ್ ಹೊಂಬಣ್ಣಕ್ಕೆ ತಿರುಗಿದಾಗ ಸಾಕು, ತೆಗೆಯಿರಿ ಎಂದಳು ಹೆಂಡತಿ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೀದ ಮೂಲೆಯೆಂದರೆ ಮಗಳಿಗೆ ಪ್ರಾಣ. ಚಿಕ್ಕಂದಿನಲ್ಲಿ ಟ್ರೇ ಮೇಜಿಗೆ ಬಂದದ್ದೇ ತಡ, ಉಳಿದವರು ಕೈಹಾಕುವ ಮೊದಲೇ ಅದನ್ನು ಕೆರೆದು ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ಮಗಳು ಎಷ್ಟನೇ ಕ್ಲಾಸು ಎಂದು ಯಾರಾದರೂ ಕೇಳಿದರೆ ಹೆಂಡತಿಯ ಮುಖ ನೋಡುತ್ತಿದ್ದ ಅವನಿಗೆ, ಅವಳ ಬಗ್ಗೆ ಖಚಿತವಾಗಿ ಗೊತ್ತಿದ್ದದ್ದು ಇದೊಂದೇ. ನಾಲ್ಕೂ ಮೂಲೆ ಕಪ್ಪಾಗುವವರೆಗೆ ಬಿಟ್ಟ.

ಮಗಳು ಬಂದಳು, ಬ್ರೆಡ್ ಹೆಚ್ಚಿದಳು, ಮೆತ್ತಗಿದೆ ಎಂದು ಹೊಗಳಿದಳು. ಅವನು ಎಲ್ಲಕ್ಕಿಂತ ಕಪ್ಪಾದ ಮೂಲೆಯನ್ನು ಹುಡುಕಿ ಅವಳ ತಟ್ಟೆಗೆ ಬಡಿಸಿದ. ಅವಳು ತಿನ್ನತೊಡಗಿದಳು.

"ಅಮ್ಮ, ಮನೇಲಿ ಸೀದಿದ್ದನ್ನೆಲ್ಲ ಕೆರೆದು ಬಿಸಾಕ್ತೀಯಲ್ಲ, ಇಲ್ಲಿ ಯಾಕೆ ತಿಂತೀಯ?" ಎಂದಳು ಪುಟ್ಟಿ.

ನಿಮ್ಮಮ್ಮನಿಗೆ ಮೊದಲಿನಿಂದಲೂ ಅದೇ ಇಷ್ಟ ಎಂದು ಅವನು ನಕ್ಕ. ಜೊತೆಗೆ ಯಾರೂ ನಗಲಿಲ್ಲ.

"ಇಷ್ಟ ಅಂತ ಅಲ್ಲ ಕಣ್ರೀ," ಎಂದಳು ಹೆಂಡತಿ. "ನಿಮ್ಮ ತಟ್ಟೇಲಿ ಸೀದಿದ್ದು ಕಂಡ್ರೆ ತಟ್ಟೆ ಗೋಡೆಗೆ ಹೋಗ್ತಿತ್ತು. ಅದು ನಿಮ್ಮ ತಟ್ಟೆಗೆ ಬರಬಾರ್ದು ಅಂತ ಇವಳು ಮೊದಲೇ ಅದನ್ನ ತಿಂದು ಮುಗಿಸ್ತಿದ್ಲು."

ಬಿಡಮ್ಮ, ಹಳೆಯದೆಲ್ಲ ಈಗ ಯಾಕೆ ಎಂದು ಮಗಳು ಮಾತು ತೇಲಿಸಿದಳು. ಅವನಿಗೆ ಗೋಡೆಯ ಮೇಲೆ ಇಳಿಯುತ್ತಿದ್ದ ಕೆಂಪು ಸಾಸು ನೆನಪಾಯಿತು. ಕುಕ್ಕರಗಾಲಲ್ಲಿ ಕೂತು ಅದನ್ನು ಒರೆಸುತ್ತಿದ್ದ ಹೆಂಡತಿಯ ಬೆನ್ನು ನೆನಪಾಯಿತು. ವಯಸ್ಸಾದಂತೆ ಅವನ ಸಿಟ್ಟು ತಾನಾಗಿ ಇಳಿದುಹೋಗಿತ್ತು. ಅದರ ಜೊತೆಗೆ ಉಳಿದವರೂ ಎಲ್ಲ ಮರೆತಿದ್ದಾರೆ ಎಂದುಕೊಂಡು ಆರಾಮಾಗಿದ್ದ. ಈಗ ಮಗಳೆದುರು ಕೂತಿರಲು ನಾಚಿಕೆಯಾಯಿತು.

ಆ ಕರಕಲು ತುಂಡನ್ನು ತನ್ನ ತಟ್ಟೆಗೆ ಹಾಕಿಕೊಳ್ಳಬೇಕೆಂದು ಅವನು ಮೇಜಿನಾಚೆ ಕೈ ಚಾಚಿದ. ಕೈ ತಟ್ಟೆಗೆ ತಾಕಿತೋ ಇಲ್ಲವೋ, ಮಗಳು ಪುಟ್ಟಿಯನ್ನು ಸರಕ್ಕನೆ ತನ್ನ ಮಗ್ಗುಲಿಗೆ ಎಳೆದುಕೊಂಡಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ.

"ಚೆನ್ನಾಗಿದೆ ಅಪ್ಪ," ಎಂದಳು ಮಗಳು, ಆಗೆಲ್ಲ ಬಾಯಿ ತುಂಬಿಕೊಂಡು ಹೇಳುತ್ತಿದ್ದ ಹಾಗೆಯೇ.

"ಇಲ್ಲಮ್ಮ, ಕಹಿಯಾಗಿದೆ. ತಿನ್ನಬೇಡ, ಬಿಡು."

ಅವಳು ಅವನ ಮುಖದಿಂದ ಕಣ್ಣು ತೆಗೆಯದೆ, ಉಳಿದ ತುಂಡನ್ನು ಬಾಯಿಗಿಟ್ಟುಕೊಂಡು ಅಗಿದು ನುಂಗಿದಳು.